ಉಂಡೆದ್ದ ಮೇಲೆ ಉಪ್ಪಿನ ವಿಮರ್ಶೆ

ಕನ್ನಡದಲ್ಲಿ ವಿಮರ್ಶೆ ಸೊರಗಿದೆ ಎಂದು ವಿಚಾರ ಸಂಕಿರಣಗಳಲ್ಲಿ ಕೊರಗುವವರು ಒಮ್ಮೆಯಾದರೂ ಜಪಾನಿನ ಅನಿಮೆ ಗೊಂಬೆಗಳ, ಅಂದರೆ ಅಲ್ಲಿನ ಕಾರ್ಟೂನ್ ಚಿತ್ರಗಳ ಪಾತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಡೆದ ಗೊಂಬೆಗಳ, ವಿಮರ್ಶೆಯನ್ನು ನೋಡಬೇಕು. ಕಳೆದ ಭಾನುವಾರ ಅಣ್ಣನ ಮಗನ ಕೋಣೆಯಲ್ಲಿ ಕುಳಿತು ಅಂಥದೊಂದು ವಿಡಿಯೊವನ್ನು ನಾನು ಆದ್ಯಂತ ನೋಡಿದೆ. ಇಪ್ಪತ್ತಾರು ನಿಮಿಷಗಳ ಆ ವಿಮರ್ಶೆಯಲ್ಲಿ ಮೊದಲ ಏಳು ನಿಮಿಷ ರಟ್ಟಿನ ಪೆಟ್ಟಿಗೆಗೇ ಸಂದವು. ವಿಮರ್ಶಕರು ಪೆಟ್ಟಿಗೆಯ ಆರೂ ಮುಖಗಳನ್ನು, ತಳದ ಬಾರ್‌ಕೋಡನ್ನೂ ಬಿಡದೆ, ಜಾತಕ ನೋಡುವವರ ತಾಳ್ಮೆಯಿಂದ ಪರಿಶೀಲಿಸಿದರು. ಒಂದು ಮೂಲೆ ಸಾಸಿವೆ ಕಾಳಿನಷ್ಟು ಜಜ್ಜಿದ್ದು ಕಂಡಾಗ ಅವರ ದನಿ ಸಾವಿನ ಮನೆಗೆ ಬಂದವರ ದನಿಯಂತೆ ತಗ್ಗಿತು. ಆಮೇಲೆ ಗೊಂಬೆ ಹೊರಬಂತು. ಒಂದು ಗೇಣಿಗಿಂತ ತುಸು ಎತ್ತರದ, ಮೊಣಕಾಲು ಮುಟ್ಟುವ ನೀಲಿ ಜಡೆಯ ಆ ಹುಡುಗಿಯ ಎಡಗಾಲಿನ ಬೂಟಿನ ಅಂಚಿನಲ್ಲಿ ಕಪ್ಪು ಬಣ್ಣ ಕೂದಲೆಳೆಯಷ್ಟು ಹೊರಗೆ ಸರಿದಿತ್ತು. ಅದನ್ನು ಭೂತಗನ್ನಡಿ ಹಿಡಿದು ತೋರಿಸಿ, ಅರ್ಧ ಅಂಕ ಕಳೆದು, ಹತ್ತಕ್ಕೆ ಒಂಬತ್ತೂವರೆ ಕೊಟ್ಟು ಮಂಗಳ ಹಾಡಿದರು.

ಹುಡುಗನ ಹುಟ್ಟುಹಬ್ಬಕ್ಕೆ ಇದನ್ನೇ ಕೊಡಿಸಿದರಾಯಿತು ಎಂದುಕೊಂಡು, ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. "ಸಿಗಲ್ಲ ಚಿಕ್ಕಪ್ಪ. ಬುಕಿಂಗ್ ಮುಗಿದು ಒಂದೂವರೆ ವರ್ಷ ಆಯ್ತು."

ಈ ಉದ್ಯಮದ ನಡಾವಳಿಯೇ ಹಾಗೆ. ಟೋಕಿಯೊದ ಮಗ್ಗುಲಲ್ಲಿರುವ ಚಿಬಾದ ಮಕುಹಾರಿ ಮೆಸ್ಸೆ ಸಭಾಂಗಣದಲ್ಲಿ ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ವಂಡರ್ ಫೆಸ್ಟಿವಲ್ ಎಂಬ ಗೊಂಬೆಗಳ ಜಾತ್ರೆ ನೆರೆಯುತ್ತದೆ. ಅಲ್ಲಿ ಗಾಜಿನ ಕಪಾಟಿನೊಳಗೆ ಇನ್ನೂ ಬಣ್ಣ ಕಾಣದ, ಬೂದು ಮೈಯ ಮೂಲ ಮಾದರಿಯನ್ನು ನಿಲ್ಲಿಸುತ್ತಾರೆ. ಗಾಜಿನಾಚೆಯಿಂದ ತೆಗೆದ, ತೆಗೆದವರ ಮೊಬೈಲು ಮತ್ತು ಮೂಗು ಎರಡೂ ಪ್ರತಿಫಲಿಸುವ ಚಿತ್ರಗಳನ್ನು ಆಧರಿಸಿ ವಿಮರ್ಶೆಯ ಮೊದಲ ಕಂತು ಹೊರಬೀಳುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಬಣ್ಣ ಬಳಿದ ಮಾದರಿಯ ಚಿತ್ರಗಳು ಬರುತ್ತವೆ, ಬುಕಿಂಗ್ ತೆರೆಯುತ್ತದೆ, ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಇದು ಮಾದರಿ ಮಾತ್ರ, ನಿಮ್ಮ ಕೈ ಸೇರುವ ವಸ್ತು ಬೇರೆ ರೀತಿ ಇರಬಹುದು ಎಂಬ ಒಕ್ಕಣೆ ಇರುತ್ತದೆ. ಹೆಣ್ಣಿನ ಫೋಟೊ ಕಳಿಸುವ ಮದುವೆ ದಲ್ಲಾಳಿಗಳೂ ಇಷ್ಟು ಪ್ರಾಮಾಣಿಕರಲ್ಲ. ಒಂದೆರಡು ತಿಂಗಳಲ್ಲಿ ಬುಕಿಂಗ್ ಮುಚ್ಚುತ್ತದೆ. ಬಂದ ಬೇಡಿಕೆಯನ್ನು ಎಣಿಸಿಕೊಂಡು ಕಾರ್ಖಾನೆ, ಹೆಚ್ಚಿನಂಶ ಚೀನಾದ್ದು, ಕೆಲಸಕ್ಕೆ ಕೂರುತ್ತದೆ. ಆರು ತಿಂಗಳೋ ವರ್ಷವೋ ಆದ ಮೇಲೆ, ನಡುವೆ ಎರಡು ಮೂರು ಬಾರಿ ಕ್ಷಮೆ ಕೋರಿ ದಿನಾಂಕ ಮುಂದೂಡಿದ ಮೇಲೆ, ಗೊಂಬೆ ಮನೆಗೆ ಬರುತ್ತದೆ. ಆಗ, ಅಂದರೆ ಕೊಳ್ಳುವವರೆಲ್ಲ ಕೊಂಡು, ಹಣವೆಲ್ಲ ಸಂದಾಯವಾಗಿ, ಅಂಗಡಿಗಳ ದಾಸ್ತಾನು ಬಹುಮಟ್ಟಿಗೆ ಖಾಲಿಯಾದ ಮೇಲೆ, ಕೊಳ್ಳಬಹುದೇ ಬೇಡವೇ ಎಂಬ ಗಹನವಾದ ಚರ್ಚೆಯನ್ನು ವಿಮರ್ಶಕರು ಕೈಗೆತ್ತಿಕೊಳ್ಳುತ್ತಾರೆ.

ಪಂಕ್ತಿಯಲ್ಲಿ ಉಂಡೆದ್ದು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟವರನ್ನು ತಡೆದು ನಿಲ್ಲಿಸಿ, ಸಾರಿಗೆ ಉಪ್ಪು ಎಷ್ಟಿತ್ತೆಂದು ವಿವರಿಸುವ ಕಲೆ ಇದು. ಅದೇ ಮಕುಹಾರಿಯ ಜಾತ್ರೆಯಲ್ಲಿ ಹವ್ಯಾಸಿಗಳು ತಾವೇ ರೂಪಿಸಿದ ಗೊಂಬೆಗಳನ್ನು ಮಾರಲು ಪಾತ್ರದ ಹಕ್ಕುದಾರರು ಆ ಒಂದು ದಿನದ ಮಟ್ಟಿಗೆ ಮಾತ್ರ ಅನುಮತಿ ಕೊಡುವ ಪದ್ಧತಿಯೂ ಇದೆ. ಸಂಜೆ ಬಾಗಿಲು ಹಾಕಿದರೆ ಅನುಮತಿಯೂ ಮುಗಿಯಿತು. ಬೆಳಿಗ್ಗೆ ಹುಟ್ಟಿ ಸಂಜೆಗೆ ಮಾರುಕಟ್ಟೆಯಿಂದಲೇ ಮಾಯವಾಗುವ ಇಂಥ ವಸ್ತುವಿಗೂ ವಾರದ ನಂತರ ಸವಿವರ ವಿಮರ್ಶೆ ಬರುತ್ತದೆ, ಮತ್ತು ಅದರಲ್ಲಿ "ತಪ್ಪದೆ ಕೊಳ್ಳಿ" ಎಂಬ ಶಿಫಾರಸೂ ಇರುತ್ತದೆ.

ಹಾಗಾದರೆ ಇದನ್ನು ಓದುವವರು ಯಾರು, ಯಾತಕ್ಕೆ ಓದುತ್ತಾರೆ? ನನ್ನ ಅಲ್ಪ ಮತಿಗೆ ತೋಚಿದಂತೆ, ಕೊಂಡವರು ತಾವು ಮೋಸ ಹೋಗಿಲ್ಲವೆಂಬ ಧೈರ್ಯಕ್ಕೆ, ಕೊಳ್ಳದವರು ಹೊಟ್ಟೆ ಉರಿಸಿಕೊಳ್ಳುವುದಕ್ಕೆ, ಇನ್ನು ಪೆಟ್ಟಿಗೆ ಒಡೆಯದೆ ಅಟ್ಟದ ಮೇಲಿಟ್ಟವರು ಎಷ್ಟಕ್ಕೆ ಮಾರಬಹುದೆಂದು ಲೆಕ್ಕ ಹಾಕುವುದಕ್ಕೆ ಓದುತ್ತಾರೆ. ಈ ಮೂರನೆಯವರ ಸುಖಕ್ಕೆ ಒಂದೇ ಕಂಟಕ. ಕಂಪನಿ ಒಂದು ದಿನ ಅದೇ ಗೊಂಬೆಯನ್ನು ಮರುಬಿಡುಗಡೆ ಮಾಡುವುದಾಗಿ ಘೋಷಿಸುತ್ತದೆ, ಒಂದೇ ರಾತ್ರಿಯಲ್ಲಿ ಹಳೆಯದರ ಬೆಲೆ ಕುಸಿಯುತ್ತದೆ, ಅಲ್ಲಿಯವರೆಗೆ "ಅಪೂರ್ವ ಕಲಾಕೃತಿ"ಯಾಗಿದ್ದದ್ದು ಬೆಳಗಾಗುವಷ್ಟರಲ್ಲಿ "ಹಳೆಯ ಅಚ್ಚು" ಆಗಿರುತ್ತದೆ.

ಈ ವಿಮರ್ಶೆಯ ಪರಿಭಾಷೆಯನ್ನೂ ಅಭ್ಯಾಸ ಮಾಡಬೇಕು. ಜಪಾನಿನ ಆಟದ ಮಳಿಗೆಗಳಲ್ಲಿ ಉಕ್ಕಿನ ಕೊಕ್ಕೆಯಿಂದ ಎತ್ತಿ ಗೆಲ್ಲುವ ಬಹುಮಾನದ ಗೊಂಬೆಗಳದ್ದೇ ಒಂದು ಪಂಗಡ. ಬಹುಮಾನದ ಬೆಲೆಗೆ ಅಲ್ಲಿನ ನಿಯಮಗಳು ಮಿತಿ ಹಾಕಿವೆ. 800 ಯೆನ್ ಇದ್ದ ಆ ಮಿತಿ 2022ರಲ್ಲಿ 1000 ಯೆನ್ನಿಗೆ ಏರಿತು. ಈ ಗೊಂಬೆಗಳ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಬಳಸುವ ವಾಕ್ಯ ಒಂದೇ: ಇದು ಬಹುಮಾನದ ಗೊಂಬೆ ಎಂದರೆ ನಂಬಲಾಗುವುದಿಲ್ಲ. ನನಗೆ ತಿಳಿದ ಮಟ್ಟಿಗೆ, ನಂಬಬಹುದಾದ ಬಹುಮಾನದ ಗೊಂಬೆಯನ್ನು ಯಾರೂ ಇನ್ನೂ ಕಂಡಿಲ್ಲ. ದುಬಾರಿ ಗೊಂಬೆಗಳ ವಿಷಯ ಬಂದರೆ ಭಾಷೆ ತಾನಾಗಿ ಮಾರ್ಗಕಾವ್ಯಕ್ಕೆ ಏರುತ್ತದೆ. ಪಿವಿಸಿ ಮತ್ತು ಎಬಿಎಸ್ ಎಂಬ ಎರಡು ಪ್ಲಾಸ್ಟಿಕ್‌ಗಳಿಂದ, ಅಂದರೆ ನಮ್ಮ ಮನೆಯ ನೀರಿನ ಪೈಪು ಮತ್ತು ಕಂಪ್ಯೂಟರ್ ಕೀಲಿಮಣೆಯ ಬಂಧುಬಳಗದಿಂದ, ಆದ ಲಂಗದ ನಿರಿಗೆಯಲ್ಲಿ "ಗಾಳಿಯ ನೆನಪು" ಇರುತ್ತದೆ; ಅರೆಪಾರದರ್ಶಕ ಕೂದಲಿನ ತುದಿಯಲ್ಲಿ "ಮುಸ್ಸಂಜೆ" ಇಳಿದಿರುತ್ತದೆ. ಕ್ಯಾಮೆರಾ ಗೊಂಬೆಯ ಸುತ್ತ ಮಂದಗತಿಯಲ್ಲಿ ಪ್ರದಕ್ಷಿಣೆ ಹಾಕಿ, ಕೊನೆಗೆ ಶಿಲ್ಪಿಯ ಪರಿಶ್ರಮವನ್ನು ಸಮಗ್ರವಾಗಿ ಅರಿಯಬೇಕೆಂಬ ಶುದ್ಧ ಶೈಕ್ಷಣಿಕ ಕಾರಣಕ್ಕಾಗಿ ನೆಲಮಟ್ಟಕ್ಕೆ ಇಳಿದು ಮೇಲಕ್ಕೆ ನೋಡುತ್ತದೆ. ಆ ಹೊತ್ತಿಗೆ ಸರಿಯಾಗಿ ನನ್ನ ಅತ್ತಿಗೆ ಕಾಫಿ ತಂದರು, ಹುಡುಗ ವಿಡಿಯೊವನ್ನು ಐದು ನಿಮಿಷ ಮುಂದಕ್ಕೆ ಓಡಿಸಿದ, ಹಾಗಾಗಿ ಶೈಕ್ಷಣಿಕ ಭಾಗದ ಬಗ್ಗೆ ನಾನು ಹೆಚ್ಚು ಹೇಳಲಾರೆ.

ಆದರೂ ಎಲ್ಲಕ್ಕಿಂತ ಪೂಜ್ಯವಾದದ್ದು ಪೆಟ್ಟಿಗೆಯೇ. ಜಪಾನಿನ ಹಳೆ ಗೊಂಬೆಗಳ ವ್ಯಾಪಾರದಲ್ಲಿ ಗೊಂಬೆಗೊಂದು ದರ್ಜೆ, ಪೆಟ್ಟಿಗೆಗೊಂದು ದರ್ಜೆ ಎಂದು ಪ್ರತ್ಯೇಕವಾಗಿ ನಮೂದಿಸುವ ಕ್ರಮವಿದೆ. ಗೊಂಬೆ ಎ, ಪೆಟ್ಟಿಗೆ ಬಿ ಎಂದರೆ ಹುಡುಗಿ ಲಕ್ಷಣವಾಗಿದ್ದಾಳೆ, ಮನೆಯ ಗೋಡೆ ಬಿರುಕು ಬಿಟ್ಟಿದೆ ಎಂದರ್ಥ. ಟೋಕಿಯೊದ ಅಕಿಹಾಬಾರಾ ಪೇಟೆಯಲ್ಲಿ 2014ರಲ್ಲಿ ಹೊಸ ಕಟ್ಟಡವಾಗಿ ಮರಳಿ ತೆರೆದ ರೇಡಿಯೊ ಕೈಕಾನ್ ಎಂಬ ಮಳಿಗೆ ಸಂಕೀರ್ಣದಲ್ಲಿ ಗಾಜಿನ ಗೂಡುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಅಲ್ಲಿ ಒಮ್ಮೆಯೂ ತೆರೆಯದ ಪೆಟ್ಟಿಗೆಗಳು ಕೈಯಿಂದ ಕೈಗೆ ದಾಟುತ್ತ, ಒಳಗಿನವಳ ಮುಖವನ್ನು ಯಾವ ಒಡೆಯನೂ ಪ್ಲಾಸ್ಟಿಕ್ ಕಿಟಕಿಯ ಈಚೆಯಿಂದಲ್ಲದೆ ನೋಡದೆ, ಹಲವು ಮನೆ ಸುತ್ತಿ ಬರಬಲ್ಲವು. ಇದರಲ್ಲೊಂದು ರಸಾಯನಶಾಸ್ತ್ರದ ಕುಚೋದ್ಯ ಅಡಗಿದೆ. ಪಿವಿಸಿ ಮೆದುವಾಗಿರಲೆಂದು ಬೆರೆಸುವ ಪ್ಲಾಸ್ಟಿಸೈಜರ್ ಎಂಬ ಪದಾರ್ಥ ಕಾಲ ಕಳೆದಂತೆ ಮೇಲ್ಮೈಗೆ ಒಸರುತ್ತದೆ. ಗಾಳಿಯಾಡುವ ಕಪಾಟಿನಲ್ಲಿದ್ದರೆ ಬಹುಪಾಲು ಹಾರಿಹೋಗುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿದ್ದರೆ ಅಲ್ಲೇ ನಿಂತು ಮೈಯೆಲ್ಲ ಬೆಲ್ಲದ ಪಾಕ ಸವರಿದಂತೆ ಅಂಟಂಟಾಗುತ್ತದೆ. ಹಾಳಾಗಬಾರದೆಂದು ಪೆಟ್ಟಿಗೆ ತೆರೆಯದವನ ಗೊಂಬೆಯೇ ಮೊದಲು ಹಾಳಾಗುತ್ತದೆ, ಆದರೆ ಪೆಟ್ಟಿಗೆ ತೆರೆಯದ ಕಾರಣ ಅದು ಅವನಿಗೆ ತಿಳಿಯುವುದೇ ಇಲ್ಲ. ಒಂಟಿ ಕಾಲಿನಲ್ಲಿ ನಿಂತ ಭಾರದ ಗೊಂಬೆಗಳು ನಾಲ್ಕು ಬೇಸಿಗೆ ಕಂಡ ಮೇಲೆ ಹಬ್ಬದ ಮರುದಿನದ ಬಾಳೆಕಂಬದಂತೆ ವಾಲುತ್ತವೆ. ಈ ವಾಲುವಿಕೆಯ ಬಗ್ಗೆ ವಿಮರ್ಶೆ ಬರೆಯುವುದು ಸಂಪ್ರದಾಯವಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ವಿಮರ್ಶಕರು ಮುಂದಿನ ಮುನ್ನೂರು ಗೊಂಬೆಗಳಿಗೆ ಒಂಬತ್ತೂವರೆ ಕೊಡುವುದರಲ್ಲಿ ಮಗ್ನರಾಗಿರುತ್ತಾರೆ.

ದೊಡ್ಡವರ ವಿಮರ್ಶೆಯೂ ಇದಕ್ಕಿಂತ ಬಹಳ ದೂರವಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕಲಾವಿದ ತಕಾಶಿ ಮುರಕಾಮಿಯವರು 1997ರಲ್ಲಿ ಕೈಯೊಡೊ ಸಂಸ್ಥೆಯ ಗೊಂಬೆಶಿಲ್ಪಿ ಬೊಮೆಯವರ ಕೈಚಳಕದಿಂದ ಪರಿಚಾರಿಕೆಯ ಉಡುಪು ತೊಟ್ಟ ಅನಿಮೆ ಹುಡುಗಿಯೊಬ್ಬಳನ್ನು ಆಳೆತ್ತರಕ್ಕೆ ನಿಲ್ಲಿಸಿದರು. 2003ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅವಳು ಐದೂವರೆ ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋದಳು. ಒಂದು ಗೇಣಿದ್ದರೆ ಹುಡುಗರ ಹುಚ್ಚು, ಒಂದು ಆಳಿದ್ದರೆ ಸಮಕಾಲೀನ ಕಲೆ.

ನಮ್ಮ ಹುಡುಗನ ಕಥೆ ಇನ್ನೂ ಇದೆ. ಅವನು ಹಿಂದಿನ ವರ್ಷ ಬುಕ್ ಮಾಡಿದ್ದ, ನಾಲ್ಕಾರು ವಿಮರ್ಶೆಗಳಲ್ಲಿ ಅವನೇ ಓದಿ ಓದಿ ಕಂಠಪಾಠ ಮಾಡಿಕೊಂಡಿದ್ದ ಇನ್ನೊಂದು ಗೊಂಬೆ ಈ ವಾರ ಬೆಂಗಳೂರಿಗೆ ಬಂದಿಳಿಯಿತು. ಆಟಿಕೆಗಳ ಆಮದು ಸುಂಕವನ್ನು ಭಾರತ ಸರ್ಕಾರ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ್ದು ದೇಶೀ ಆಟಿಕೆ ತಯಾರಕರ ರಕ್ಷಣೆಗೆ. ಚನ್ನಪಟ್ಟಣದ ಹಾಲೆಮರದ ಬುಗುರಿಗೆ ಈ ಕತ್ತಿ ಹಿಡಿದ ಮಾಟಗಾತಿಯಿಂದ ಯಾವ ಅಪಾಯವಿತ್ತೋ ನನಗೆ ಹೊಳೆಯಲಿಲ್ಲ. ಪೆಟ್ಟಿಗೆಯ ಮೇಲೆ, ಇದು 15 ವರ್ಷ ದಾಟಿದವರಿಗೆ ಮಾತ್ರ ಎಂದು ಜಪಾನೀ ಭಾಷೆಯಲ್ಲಿ ಅಚ್ಚಾಗಿತ್ತು. ಸುಂಕದವರ ಕಡತದಲ್ಲಿ ಅದು ಮಕ್ಕಳಾಟಿಕೆಯೇ. ಹುಡುಗ ಎರಡು ತಿಂಗಳ ಪಾಕೆಟ್ ಮನಿ ಸುರಿದು ಬಿಡಿಸಿಕೊಂಡು ಬಂದ.

ಪೆಟ್ಟಿಗೆಗೆ ಸುಂಕದವರು ಅಂಟಿಸಿದ್ದ ಚೀಟಿಯಲ್ಲಿ, ಆ ಗೊಂಬೆಯ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲೆಲ್ಲ ಅತ್ಯಂತ ಚೊಕ್ಕವಾದದ್ದು ನೀಲಿ ಶಾಯಿಯಲ್ಲಿ ಬರೆದಿತ್ತು: ಬೊಂಬೆ, ಪ್ಲಾಸ್ಟಿಕ್, 1. ಬರೆದವರು ಬರೆಯುವ ಮೊದಲು ವಸ್ತುವನ್ನು ಕಣ್ಣಾರೆ ನೋಡಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ಮುಚ್ಚಳದ ಸೆಲೋಟೇಪು ಬ್ಲೇಡಿನಿಂದ ಉದ್ದಕ್ಕೂ ಸೀಳಿತ್ತು, ರಟ್ಟಿನ ಮೇಲೂ ಅರ್ಧ ಬೆರಳುದ್ದ ಗೀರು ಇಳಿದಿತ್ತು. ಹುಡುಗ ಒಳಗಿದ್ದವಳ ಕಡೆ ಕಣ್ಣೆತ್ತಿಯೂ ನೋಡದೆ ಆ ಗೀರಿನ ಮೇಲೆ ಬೆರಳಾಡಿಸಿದ.

"ಬಿ ಆಯ್ತು ಚಿಕ್ಕಪ್ಪ," ಎಂದ.