ಐಪಿಸಿಸಿ ವರದಿಯನ್ನು ಬರೆಯುವವರು ಯಾರು: ಒಂದು ಸ್ಪಷ್ಟನೆ

‘ಐಪಿಸಿಸಿಯ ಹವಾಮಾನ ವರದಿಯನ್ನು ಸರ್ಕಾರಿ ಪ್ರತಿನಿಧಿಗಳೇ ಬರೆಯುತ್ತಾರೆ, ವಿಜ್ಞಾನಿಗಳು ಸಹಿ ಹಾಕುತ್ತಾರಷ್ಟೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಐಪಿಸಿಸಿ ಎಂದರೆ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಅಂತರ್‌ಸರ್ಕಾರಿ ಸಮಿತಿ. 1988ರಲ್ಲಿ ಸ್ಥಾಪನೆಯಾದ ಈ ಸಮಿತಿ ತಾನಾಗಿ ಸಂಶೋಧನೆ ನಡೆಸುವುದಿಲ್ಲ. ಈಗಾಗಲೇ ಪ್ರಕಟವಾಗಿರುವ ಅಧ್ಯಯನಗಳನ್ನು ಪರಾಮರ್ಶಿಸುತ್ತದೆ. ಹವಾಮಾನ ಬದಲಾವಣೆಯ ಭೌತವಿಜ್ಞಾನ ಕುರಿತ 2021ರ ವರದಿ ಸಂಪುಟವನ್ನು 234 ವಿಜ್ಞಾನಿಗಳು ಸಮಿತಿಯಿಂದ ಸಂಭಾವನೆ ಪಡೆಯದೆ, 14,000ಕ್ಕೂ ಹೆಚ್ಚು ಅಧ್ಯಯನಗಳನ್ನು ಆಧರಿಸಿ ಬರೆದರು. ಕರಡುಗಳಿಗೆ ಬಂದ 78,000ಕ್ಕೂ ಹೆಚ್ಚು ಟಿಪ್ಪಣಿಗಳನ್ನು, ಪ್ರತಿಯೊಂದಕ್ಕೂ ಲೇಖಕರು ಕೊಟ್ಟ ಉತ್ತರದೊಂದಿಗೆ, ಸಾರ್ವಜನಿಕವಾಗಿ ಪ್ರಕಟಿಸಲಾಗಿದೆ. ಇಷ್ಟು ತೆರೆದಿಟ್ಟ ಪರಿಶೀಲನೆ ಬಹಳ ಅಪರೂಪ.

ಗೊಂದಲದ ಮೂಲ ಬಹುಶಃ ಇಲ್ಲಿದೆ. ನೀತಿ ನಿರೂಪಕರಿಗಾಗಿ ಸಿದ್ಧವಾಗುವ ಸಾರಾಂಶವನ್ನು ಮಾತ್ರ ಸರ್ಕಾರಗಳ ಪ್ರತಿನಿಧಿಗಳು ಸಾಲು ಸಾಲಾಗಿ ಚರ್ಚಿಸಿ, ಒಮ್ಮತದಿಂದ ಅಂಗೀಕರಿಸುತ್ತಾರೆ. ಅದರ ಕರಡೂ ವಿಜ್ಞಾನಿಗಳದ್ದೇ. ಪ್ರತಿನಿಧಿಯೊಬ್ಬರು ಪದವೊಂದನ್ನು ಬದಲಿಸಲು ಕೋರಿದರೆ, ಆ ಬದಲಾವಣೆ ಮೂಲ ಅಧ್ಯಾಯದಲ್ಲಿರುವ ಪುರಾವೆಗೆ ಹೊಂದುತ್ತದೆಯೇ ಎಂಬುದನ್ನು ಅದೇ ಸಭೆಯಲ್ಲಿರುವ ಲೇಖಕರು ನೋಡಿ ಹೇಳುತ್ತಾರೆ. ಮೂಲ ಅಧ್ಯಾಯಗಳು ಇಂಥ ಸಾಲುವಾರು ಚರ್ಚೆಗೆ ಒಳಪಡುವುದಿಲ್ಲ.

ವರದಿಗಳಲ್ಲಿ ತಪ್ಪುಗಳೇ ಆಗಿಲ್ಲವೆಂದಲ್ಲ: ಹಿಮಾಲಯದ ಹಿಮನದಿಗಳು 2035ರೊಳಗೆ ಕಣ್ಮರೆಯಾಗಬಹುದೆಂದು 2007ರ ವರದಿಯಲ್ಲಿದ್ದ ಆಧಾರರಹಿತ ಹೇಳಿಕೆಯ ಬಗ್ಗೆ ಸಮಿತಿಯೇ 2010ರಲ್ಲಿ ವಿಷಾದ ವ್ಯಕ್ತಪಡಿಸಿತು.

ಮೇಲಿನ ಸಂದೇಶ ನಿಮಗೆ ಬಂದಿದ್ದರೆ ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಂಚಿಕೊಳ್ಳಿ.