ದಿನಬಳಕೆಗೂ ಟ್ರ್ಯಾಕಿಗೂ ಒಂದೇ ಕಾರು: ಪವರ್ ಕೊನೆಗೆ ನೋಡಿ

ದಿನಾ ಓಡಾಡಲೂ ಆಗಬೇಕು, ಆಗಾಗ ರೇಸ್ ಟ್ರ್ಯಾಕಿಗೂ ತಗೊಂಡು ಹೋಗಬೇಕು. ಎರಡಕ್ಕೂ ಸೇರಿ ಒಂದೇ ಕಾರು, ಯಾವುದು ತಗೊಳ್ಳಲಿ? ಈ ಪ್ರಶ್ನೆಗೆ ಬರುವ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಇದಕ್ಕೆ 300 ಹಾರ್ಸ್‌ಪವರ್, ಅದಕ್ಕೆ 400. ಇದು ಸೊನ್ನೆಯಿಂದ ನೂರಕ್ಕೆ ಐದು ಸೆಕೆಂಡು, ಅದಕ್ಕೆ ನಾಲ್ಕೇ ಸಾಕು. ಕೇಳಿದವರು ಈ ಅಂಕಿಗಳನ್ನೇ ಹಿಡಿದುಕೊಂಡು ಬಜೆಟ್ಟಿಗೆ ಸಿಗುವ ಅತಿ ಜಾಸ್ತಿ ಪವರಿನ ಕಾರು ಹುಡುಕಲು ಹೊರಡುತ್ತಾರೆ. ನನಗೆ ಈ ಕ್ರಮವೇ ತಲೆಕೆಳಗು ಅನಿಸುತ್ತದೆ. ಎರಡೂ ಕೆಲಸ ಮಾಡಬೇಕಾದ ಕಾರಿನಲ್ಲಿ ಮೊದಲು ನೋಡಬೇಕಾದ್ದು ತೂಕ. ಆಮೇಲೆ, ಬಿಸಿಯನ್ನು ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅನ್ನುವುದು. ಅದಾದ ಮೇಲೆ, ಅದರ ಟೈರು, ಬ್ರೇಕ್ ಪ್ಯಾಡುಗಳನ್ನು ಪದೇ ಪದೇ ಹಾಕಿಸಲು ನಮ್ಮ ಕೈಲಾಗುತ್ತದಾ ಅನ್ನುವುದು. ಪವರ್ ಎಲ್ಲಕ್ಕಿಂತ ಕೊನೆಗೆ.

ರಸ್ತೆಯಲ್ಲಿ ನಾವು ಎಷ್ಟೇ ಜೋರಾಗಿ ಓಡಿಸಿದೆವು ಅಂದುಕೊಂಡರೂ ಕಾರಿಗೆ ಅದು ಆರಾಮದ ಕೆಲಸ. ಆಕ್ಸಲರೇಟರ್ ಪೂರ್ತಿ ಒತ್ತುವುದು ಕೆಲವೇ ಸೆಕೆಂಡು. ಬ್ರೇಕ್ ಪೂರ್ತಿ ಒತ್ತುವುದಂತೂ ಅಪರೂಪ. ಟ್ರ್ಯಾಕಿನಲ್ಲಿ ಒಂದು ಸೆಷನ್ ಅಂದರೆ ಸಾಮಾನ್ಯವಾಗಿ 15ರಿಂದ 20 ನಿಮಿಷ. ಅಷ್ಟು ಹೊತ್ತೂ ಪೂರ್ತಿ ಆಕ್ಸಲರೇಟರ್, ಪೂರ್ತಿ ಬ್ರೇಕ್, ತಿರುವು, ಮತ್ತೆ ಪೂರ್ತಿ ಆಕ್ಸಲರೇಟರ್. ಎಂಜಿನ್ ಆಯಿಲ್, ಕೂಲೆಂಟ್, ಗೇರ್‌ಬಾಕ್ಸ್, ಬ್ರೇಕ್, ಟೈರ್, ಯಾವುದಕ್ಕೂ ಬಿಡುವಿಲ್ಲ.

ಒಂದು ಲೆಕ್ಕ ನೋಡಿ. ನೇರ ಹಾದಿಯ ಕೊನೆಗೆ ಗಂಟೆಗೆ 200 ಕಿ.ಮೀ. ವೇಗದಲ್ಲಿ ಬಂದಿದ್ದೀರಿ. ತಿರುವು ತಗೊಳ್ಳುವ ಮೊದಲು 80ಕ್ಕೆ ಇಳಿಸಬೇಕು. ಗಾಳಿಯ ತಡೆಯನ್ನು ಬದಿಗಿಟ್ಟರೆ, 1,000 ಕೆಜಿ ಕಾರಿನ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 13 ಲಕ್ಷ ಜೂಲ್. 1,600 ಕೆಜಿ ಕಾರಾದರೆ ಸುಮಾರು 21 ಲಕ್ಷ ಜೂಲ್. ಅದೆಲ್ಲ ಬಿಸಿಯಾಗಿ ಡಿಸ್ಕು, ಪ್ಯಾಡುಗಳಿಗೇ ಹೋಗುತ್ತದೆ. ಒಂದು ಸಲ ಅಲ್ಲ, ಪ್ರತಿ ಲ್ಯಾಪಿನಲ್ಲೂ, ಅಂದರೆ ಟ್ರ್ಯಾಕಿನ ಪ್ರತಿ ಸುತ್ತಿನಲ್ಲೂ. ಈಗ ಜಾಸ್ತಿ ಪವರ್ ಇರುವ ಕಾರು ಅದೇ ಜಾಗಕ್ಕೆ 230ರಲ್ಲಿ ಬರುತ್ತದೆ ಅನ್ನಿ. ವೇಗ ಹೆಚ್ಚಿದ್ದು ಶೇ. 15, ಬ್ರೇಕಿನ ಹೊರೆ ಹೆಚ್ಚಿದ್ದು ಸುಮಾರು ಶೇ. 38. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಹೀಗೆ. ಈ ಹೊರೆ ತಡೆಯಲು ದೊಡ್ಡ ಡಿಸ್ಕು ಬೇಕು, ಅಗಲ ಟೈರು ಬೇಕು, ದೊಡ್ಡ ರೇಡಿಯೇಟರ್ ಬೇಕು. ಅದೆಲ್ಲ ಸೇರಿ ಕಾರು ಇನ್ನೂ ತೂಕವಾಗುತ್ತದೆ. ಹಗುರ ಕಾರಿನಲ್ಲಿ ಈ ಸರಪಳಿ ಶುರುವಾಗುವುದೇ ಇಲ್ಲ. ಅದರ ಟೈರು ಚಿಕ್ಕದು, ಪ್ಯಾಡು ಚಿಕ್ಕದು, ಎರಡೂ ಜಾಸ್ತಿ ದಿನ ಬರುತ್ತವೆ.

ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೊದಲ ಸಲ ಟ್ರ್ಯಾಕಿಗೆ ಹೋಗುವವರು ಮರೆಯುವುದು ಇದನ್ನೇ. ಪೆಡಲ್ ಒತ್ತಿದಾಗ ನಮ್ಮ ಕಾಲಿನ ಬಲವನ್ನು ಚಕ್ರದ ತನಕ ಒಯ್ಯುವುದು ಈ ದ್ರವ. ಅದಕ್ಕೆ ಗಾಳಿಯಲ್ಲಿರುವ ತೇವ ಹೀರುವ ಗುಣ ಇದೆ. ತೇವ ಸೇರಿದಷ್ಟೂ ಅದು ಕುದಿಯುವ ಮಟ್ಟ ಕೆಳಗಿಳಿಯುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇವು 260 ಮತ್ತು 180. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಅದುಮಲು ಆಗುವುದಿಲ್ಲ, ಆವಿಯನ್ನು ಅದುಮಬಹುದು. ಆಗ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕೇ ಟ್ರ್ಯಾಕಿಗೆ ಹೋಗುವ ಮೊದಲು ಹೊಸ ಬ್ರೇಕ್ ಆಯಿಲ್ ಹಾಕಿಸಲೇಬೇಕು. ಕಾರಿಗೆ ಮಾಡಿಸುವ ಬೇರೆ ಯಾವ ಬದಲಾವಣೆಯೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಅಪಾಯ ತಪ್ಪಿಸುವುದಿಲ್ಲ.

ಪ್ಯಾಡಿನ ವಿಷಯದಲ್ಲಿ ದಿನಬಳಕೆ ಮತ್ತು ಟ್ರ್ಯಾಕ್ ನೇರವಾಗಿ ಜಗಳ ಆಡುತ್ತವೆ. ರಸ್ತೆ ಪ್ಯಾಡು ತಣ್ಣಗಿದ್ದಾಗಲೇ ಚೆನ್ನಾಗಿ ಹಿಡಿಯುತ್ತದೆ, ತುಂಬಾ ಬಿಸಿಯಾದರೆ ಹಿಡಿತ ಬಿಡುತ್ತದೆ. ರೇಸ್ ಪ್ಯಾಡು ಬಿಸಿಯಾದ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಬೆಳಗ್ಗೆ ಮನೆಯಿಂದ ಹೊರಟು ಮೊದಲ ಸಿಗ್ನಲ್ಲಿನಲ್ಲಿ ಒತ್ತಿದರೆ ಸರಿಯಾಗಿ ಹಿಡಿಯದೇ ಹೋಗಬಹುದು. ಜೊತೆಗೆ ಕಿರುಗುಟ್ಟುತ್ತದೆ, ಧೂಳು ಉದುರಿಸುತ್ತದೆ, ಡಿಸ್ಕನ್ನೂ ಬೇಗ ತಿನ್ನುತ್ತದೆ. ನಡುವಿನ ದರ್ಜೆಯ ಪ್ಯಾಡುಗಳು ಸಿಗುತ್ತವೆ. 1,100 ಕೆಜಿ ಕಾರಿಗೆ ಅವು ಧಾರಾಳವಾಗಿ ಸಾಕು. ಎರಡು ಟನ್ ಕಾರಿಗೆ ಸಾಲುವುದಿಲ್ಲ. ಹಗುರ ಕಾರಿಗೆ ಎರಡು ಬದುಕಿನ ನಡುವೆ ರಾಜಿ ಸಾಧ್ಯ, ಭಾರದ ಕಾರಿಗೆ ಕಷ್ಟ.

ಇನ್ನು ಕಾರುಗಳ ಹೆಸರಿಗೇ ಬರುತ್ತೇನೆ.

ಒಬ್ಬರೇ ಅಥವಾ ಇಬ್ಬರೇ ಓಡಾಡುವವರಾದರೆ ನನ್ನ ಮೊದಲ ಆಯ್ಕೆ ಮಾಜ್ಡಾ ಎಂಎಕ್ಸ್-5, ಟಾಪ್ ತೆಗೆಯಬಹುದಾದ ಎರಡು ಸೀಟಿನ ಚಿಕ್ಕ ಕಾರು. 1989ರಲ್ಲಿ ಮೊದಲ ಪೀಳಿಗೆ ಬಂದಾಗ ಅದರ ತೂಕ ಒಂದು ಟನ್ನಿಗಿಂತ ಕಡಿಮೆ. ನಾಲ್ಕು ಪೀಳಿಗೆ ಕಳೆದರೂ ಕಂಪನಿ ಹಟ ಹಿಡಿದು ತೂಕವನ್ನು ಒಂದು ಟನ್ನಿನ ಆಸುಪಾಸಲ್ಲೇ ಉಳಿಸಿಕೊಂಡಿದೆ. ಎಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ, ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಪವರ್ ಹೆಚ್ಚಿಸುವ ಟರ್ಬೊ ಇಲ್ಲ. ಪವರ್ ನೋಡಿದರೆ ಇಷ್ಟೇನಾ ಅನಿಸಬಹುದು. ಆದರೆ ಟೈರ್ ಹಿಡಿತ ಬಿಡುವ ಗಳಿಗೆ ಸ್ಟೇರಿಂಗ್ ಹಿಡಿದ ಕೈಗೆ, ಸೀಟಿನಲ್ಲಿ ಕೂತ ಸೊಂಟಕ್ಕೆ ಮೊದಲೇ ಗೊತ್ತಾಗುತ್ತದೆ. ಓಡಿಸುವುದನ್ನು ಕಲಿಯಬೇಕು ಅಂದರೆ ಇದಕ್ಕಿಂತ ಒಳ್ಳೆಯ ಗುಣ ಇನ್ನೊಂದಿಲ್ಲ. ತುಂಬಾ ಪವರ್ ಇರುವ ಕಾರು ನಮ್ಮ ತಪ್ಪುಗಳನ್ನು ನೇರ ಹಾದಿಯಲ್ಲಿ ಮುಚ್ಚಿಹಾಕುತ್ತದೆ. ಕಡಿಮೆ ಪವರಿನ ಕಾರಿನಲ್ಲಿ ತಿರುವಿನಲ್ಲಿ ಕಳಕೊಂಡ ವೇಗ ವಾಪಸ್ ಸಿಗುವುದಿಲ್ಲ. ಹಾಗಾಗಿ ತಿರುವನ್ನು ಸರಿಯಾಗಿ ತಗೊಳ್ಳುವುದನ್ನು ಕಲಿಯಲೇಬೇಕಾಗುತ್ತದೆ.

ಎಂಎಕ್ಸ್-5ಕ್ಕೆ ಒಂದು ತೊಡಕಿದೆ. ಟಾಪ್ ತೆಗೆಯುವ ಕಾರುಗಳಿಗೆ ಅನೇಕ ಟ್ರ್ಯಾಕ್ ಡೇ (ಜನ ತಮ್ಮ ಕಾರನ್ನೇ ಟ್ರ್ಯಾಕಿನಲ್ಲಿ ಓಡಿಸುವ ದಿನ) ಆಯೋಜಕರು ರೋಲ್ ಬಾರ್ ಕೇಳುತ್ತಾರೆ, ಅಂದರೆ ಸೀಟಿನ ಹಿಂದೆ ನಿಲ್ಲಿಸುವ ಗಟ್ಟಿ ಲೋಹದ ಕಮಾನು. ಕಾರು ಮಗುಚಿದರೆ ತಲೆ ಉಳಿಯಬೇಕಲ್ವಾ? ರೋಲ್ ಬಾರಿನ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿನ ತುದಿಗೆ ಒಂದು ಉದ್ದನೆಯ ಕೋಲು ಇಟ್ಟು ನೋಡುತ್ತಾರೆ. ಹೆಲ್ಮೆಟ್ ಅದಕ್ಕಿಂತ ಕೆಳಗಿರಬೇಕು. ಎತ್ತರದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅಷ್ಟೇ ಅಲ್ಲ, ಗಟ್ಟಿ ಟಾಪ್ ಇರುವ ಎಷ್ಟೋ ಕಾರುಗಳಲ್ಲೂ ಹೆಲ್ಮೆಟ್ ಹಾಕಿಕೊಂಡರೆ ತಲೆ ಮೇಲೆ ತಾಗುತ್ತದೆ. ಕಾರು ನೋಡಲು ಹೋದಾಗ ಹೆಲ್ಮೆಟ್ ಜೊತೆಗೇ ಒಯ್ಯಿರಿ. ಹಾಕಿಕೊಂಡು ಕೂತು ನೋಡಿ. ಯಾರು ನೋಡಿದರೂ ಪರವಾಗಿಲ್ಲ.

ಎಂಎಕ್ಸ್-5 ತೀರಾ ಚಿಕ್ಕದಾಯಿತು ಅನ್ನುವವರಿಗೆ ಟೊಯೊಟಾ ಜಿಆರ್86 ಮತ್ತು ಅದರ ಅವಳಿ ಸುಬಾರು ಬಿಆರ್‌ಝಡ್ ಇವೆ. ಮೊದಲ ಜೋಡಿ 2012ರಲ್ಲಿ ಬಂತು, 2021ರಲ್ಲಿ ಬಂದ ಹೊಸದಕ್ಕೆ 2.4 ಲೀಟರ್ ಎಂಜಿನ್. ತೂಕ 1,300 ಕೆಜಿಯ ಒಳಗೇ ಇದೆ. ಹಿಂದಿನ ಸೀಟು ಹೆಸರಿಗೆ ಮಾತ್ರ, ದೊಡ್ಡವರು ಕೂರುವುದು ಕಷ್ಟ. ಆದರೆ ಆ ಸೀಟು ಮಡಚಿದರೆ ಟ್ರ್ಯಾಕಿಗೆ ಬೇಕಾದ ಇನ್ನೊಂದು ಜೊತೆ, ಅಂದರೆ ನಾಲ್ಕೂ ಚಕ್ರಗಳು, ಕಾರಿನೊಳಗೇ ಹಿಡಿಸುತ್ತವೆ. ದಿನಬಳಕೆಯ ಕಾರನ್ನೇ ಟ್ರ್ಯಾಕಿಗೆ ಒಯ್ಯುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅನ್ನುವುದು ಬ್ರೋಷರ್ ನೋಡುವಾಗ ಹೊಳೆಯುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದಾರೆ, ಡಿಕ್ಕಿ ಬೇಕು, ಐದು ಬಾಗಿಲು ಬೇಕು ಅಂದರೆ ಹಾಟ್ ಹ್ಯಾಚ್, ಅಂದರೆ ಜಾಸ್ತಿ ಪವರಿನ ಹ್ಯಾಚ್‌ಬ್ಯಾಕ್. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ನಿನ ಮೊದಲ ಗಾಲ್ಫ್ ಜಿಟಿಐ ಈ ಬಗೆಯ ಕಾರನ್ನು ಜನಪ್ರಿಯ ಮಾಡಿತು. ಅದರ ತೂಕ ಸುಮಾರು 810 ಕೆಜಿ. ಇವತ್ತಿನ ಹಾಟ್ ಹ್ಯಾಚ್‌ಗಳು 1,400 ಕೆಜಿಯ ಆಸುಪಾಸಿನವು, ಎಲ್ಲಕ್ಕೂ ಟರ್ಬೊ. ಹೋಂಡಾ ಸಿವಿಕ್ ಟೈಪ್ ಆರ್, ಹ್ಯುಂಡೈ ಐ30 ಎನ್ ಇವೆಲ್ಲ ನಿಜಕ್ಕೂ ಒಳ್ಳೆಯ ಕಾರುಗಳು. ಆದರೆ ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು, ಮೂರೂ ಮುಂದಿನ ಎರಡು ಟೈರುಗಳ ಮೇಲೇ ಬೀಳುತ್ತದೆ. ಅವು ಬೇಗ ಸವೆಯುತ್ತವೆ, ಲೆಕ್ಕದಲ್ಲಿ ಇಟ್ಟುಕೊಳ್ಳಿ. ಈ ಬಗೆಯ ಕಾರಿನಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆಯಾ ಅಂತ ಕೇಳಿ. ತಿರುವಿನಲ್ಲಿ ಒಳಬದಿಯ ಚಕ್ರ ಸುಮ್ನೆ ತಿರುಗದಂತೆ ತಡೆಯುವುದು ಅದರ ಕೆಲಸ. ಇಲ್ಲದ ಕಾರುಗಳು ಅದೇ ಕೆಲಸವನ್ನು ಒಳಬದಿಯ ಚಕ್ರಕ್ಕೆ ಬ್ರೇಕ್ ಹಾಕಿ ಮಾಡುತ್ತವೆ. ರಸ್ತೆಯಲ್ಲಿ ಅದು ಸಾಕು. ಟ್ರ್ಯಾಕಿನಲ್ಲಿ ಮೊದಲೇ ಬೆಂದಿರುವ ಬ್ರೇಕಿಗೆ ಇನ್ನಷ್ಟು ಬಿಸಿ ಸೇರಿಸುತ್ತದೆ.

ಟರ್ಬೊ ಕಾರುಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಕೆಲವು ಕಾರುಗಳು ಎರಡು ಮೂರು ಲ್ಯಾಪ್ ಆದ ಮೇಲೆ ತಾವೇ ಪವರ್ ಕಡಿಮೆ ಮಾಡಿಕೊಳ್ಳುತ್ತವೆ, ಒಳಗಿನ ಬಿಸಿ ಮಿತಿ ದಾಟುತ್ತದೆ ಅಂತ. ಅಲ್ಲಿಗೆ ಬ್ರೋಷರಿನಲ್ಲಿ ಓದಿದ ಹಾರ್ಸ್‌ಪವರ್ ಎಲ್ಲಿ ಹೋಯಿತು? ಕಾರು ಕೊಳ್ಳುವ ಮೊದಲು ಅದೇ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಿದವರನ್ನು ಹುಡುಕಿ ಒಂದೇ ಪ್ರಶ್ನೆ ಕೇಳಿ: ಸೆಷನ್ನಿನ ಕೊನೆಯ ಐದು ನಿಮಿಷ ಹೇಗಿತ್ತು? ಮೊದಲ ಲ್ಯಾಪ್ ಎಲ್ಲ ಕಾರಿನಲ್ಲೂ ಚೆನ್ನಾಗಿರುತ್ತದೆ.

ಪೋರ್ಷೆ 911 ಜಿಟಿ3 ಥರದ ಕಾರುಗಳ ಬಗ್ಗೆ ನನಗೆ ಅಪಾರ ಗೌರವ ಇದೆ. 1999ರಿಂದಲೂ ಅವರು ಅದನ್ನು ದಿನವಿಡೀ ಟ್ರ್ಯಾಕಿನಲ್ಲಿ ಓಡಿಸಿ ಸಂಜೆ ಅದರಲ್ಲೇ ಮನೆಗೆ ಹೋಗುವಂತೆ ಮಾಡಿಕೊಂಡು ಬಂದಿದ್ದಾರೆ. ಕೊಳ್ಳುವ ಶಕ್ತಿ ಇದ್ದವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಆದರೆ ಹೆಚ್ಚಿನ ಕಾರ್ ಇನ್ಶೂರೆನ್ಸ್‌ಗಳು ಟ್ರ್ಯಾಕಿನಲ್ಲಿ ಆದ ಹಾನಿಗೆ ದುಡ್ಡು ಕೊಡುವುದಿಲ್ಲ. ಕಾರು ತಡೆಗೋಡೆಗೆ ಹೊಡೆದರೆ ಪೂರ್ತಿ ನಷ್ಟ ನಮ್ಮದೇ. ನಾಳೆ ಬೆಳಗ್ಗೆ ಕೆಲಸಕ್ಕೆ ಹೋಗಲು ಇರುವುದೂ ಅದೇ ಕಾರು. ಹಾಗಾಗಿ ಇನ್ನೂ ಸಾಲ ತೀರದ ಕಾರನ್ನು, ಕಳಕೊಂಡರೆ ಮನೆಯವರೆಲ್ಲ ಒದ್ದಾಡುವಂಥ ಕಾರನ್ನು ಟ್ರ್ಯಾಕಿಗೆ ಒಯ್ಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಆ ಭಯ ಒಳಗಿದ್ದರೆ ಓಡಿಸುವ ಖುಷಿಯೂ ಇರುವುದಿಲ್ಲ. ವಾರಂಟಿಯ ಕಾಗದವನ್ನೂ ಓದಿ. ಕೆಲವರು ಟ್ರ್ಯಾಕ್ ಬಳಕೆ ಕಂಡರೆ ವಾರಂಟಿ ನಿರಾಕರಿಸುತ್ತಾರೆ. ಹ್ಯುಂಡೈ ಆಸ್ಟ್ರೇಲಿಯಾದಲ್ಲಿ ತನ್ನ ಎನ್ ಕಾರುಗಳಿಗೆ ಸ್ಪರ್ಧೆಯಲ್ಲದ ಟ್ರ್ಯಾಕ್ ಓಟಕ್ಕೂ ವಾರಂಟಿ ಕೊಟ್ಟಿದೆ. ಎಲ್ಲ ಕಂಪನಿಗಳೂ ಹೀಗೆ ಮಾಡಬೇಕು.

ಎಲೆಕ್ಟ್ರಿಕ್ ಕಾರು? 2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ಎನ್ ಆ ಕಡೆಗೆ ಇಟ್ಟ ಗಂಭೀರ ಹೆಜ್ಜೆ. ಬ್ಯಾಟರಿ ತಣ್ಣಗಿಡುವ ವ್ಯವಸ್ಥೆಯನ್ನು ಟ್ರ್ಯಾಕಿಗೆಂದೇ ಮಾಡಿದ್ದಾರೆ. ಆದರೆ ತೂಕ ಸುಮಾರು 2,200 ಕೆಜಿ. ಬ್ರೇಕಿನ ಕೆಲಸದಲ್ಲಿ ಮೋಟರ್ ದೊಡ್ಡ ಪಾಲು ಹೊರುತ್ತದೆ ನಿಜ, ಆದರೆ ತಿರುವಿನಲ್ಲಿ ಆ ತೂಕವನ್ನು ಟೈರುಗಳೇ ಹೊರಬೇಕು. ಟ್ರ್ಯಾಕಿನ ಹತ್ತಿರ ಫಾಸ್ಟ್ ಚಾರ್ಜರ್ ಇಲ್ಲದಿದ್ದರೆ ಮನೆಗೆ ವಾಪಸ್ ಬರುವುದೇ ಚಿಂತೆ. ಸದ್ಯಕ್ಕೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಮಾಡಿಫಿಕೇಶನ್ ವಿಷಯದಲ್ಲಿ ನನ್ನದು ಗಟ್ಟಿ ನಿಲುವು. ಸಸ್ಪೆನ್ಷನ್ ಮುಟ್ಟಬೇಡಿ. ಗಟ್ಟಿ ಸ್ಪ್ರಿಂಗ್ ಹಾಕಿಸಿ ಕಾರು ತಗ್ಗಿಸಿದರೆ ಗುಂಡಿ, ಹಂಪುಗಳ ಮೇಲೆ ದಿನಾ ಅನುಭವಿಸುವವರು ನೀವೇ. ಅಲೈನ್‌ಮೆಂಟ್ ಮಾತ್ರ ಸ್ವಲ್ಪ ಬದಲಿಸಬಹುದು. ಮುಂದಿನ ಚಕ್ರಗಳಿಗೆ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲುವುದು, ಸ್ವಲ್ಪ ಜಾಸ್ತಿ ಕೊಟ್ಟರೆ ತಿರುವಿನಲ್ಲಿ ಟೈರಿನ ಹೊರ ಅಂಚು ಬೇಗ ಸವೆಯುವುದು ತಪ್ಪುತ್ತದೆ. ಸೀಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ರೋಲ್ ಬಾರ್ ಇಲ್ಲದ ಕಾರಿಗೆ ರೇಸಿನ ನಾಲ್ಕು ಪಟ್ಟಿಯ ಬೆಲ್ಟ್ ಹಾಕಿಸಬೇಡಿ. ಕಾರು ಮಗುಚಿ ಟಾಪ್ ಕುಸಿದಾಗ ಮಾಮೂಲಿ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲುತ್ತದೆ. ಆ ಬೆಲ್ಟು ಮೈಯನ್ನು ನೆಟ್ಟಗೆ ಹಿಡಿದಿಡುತ್ತದೆ, ಕುಸಿಯುವ ಟಾಪಿನ ಹೊಡೆತ ಸೀದಾ ಕುತ್ತಿಗೆಗೆ ಬೀಳುತ್ತದೆ.

ಟೈರಿಗೆ ಎರಡು ಜೊತೆ ಇಟ್ಟುಕೊಳ್ಳುವುದೇ ಸರಿ. ಟ್ರ್ಯಾಕಿನ ಸೆಮಿ ಸ್ಲಿಕ್ ಟೈರುಗಳಲ್ಲಿ ನೀರು ಹೊರಹಾಕುವ ಗೆರೆಗಳು ಕಡಿಮೆ. ನೀರು ನಿಂತ ರಸ್ತೆಯಲ್ಲಿ ಕಾರು ತೇಲಿಬಿಡುತ್ತದೆ. ಅಂಥ ಟೈರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಹೋಗಬಾರದು. ಕಾರು ಆರಿಸುವಾಗಲೇ ಅದರ ಟೈರಿನ ಅಳತೆ ನೋಡಿ. 16, 17 ಇಂಚಿನ ಮಾಮೂಲಿ ಅಳತೆಯಾದರೆ ಎರಡನೇ ಜೊತೆ ಕೈಗೆಟಕುತ್ತದೆ. 20 ಇಂಚಾದರೆ ಆ ಮಾತೇ ಬೇರೆ.

ಈಗಾಗಲೇ ಮನೆಯಲ್ಲಿ ಆರೋಗ್ಯವಾಗಿರುವ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ಇದ್ದರೆ, ಕಾರು ಹುಡುಕುವುದನ್ನು ಸ್ವಲ್ಪ ದಿನ ನಿಲ್ಲಿಸಿ ಅದನ್ನೇ ಒಯ್ಯಿರಿ. ಹೊಸ ಬ್ರೇಕ್ ಆಯಿಲ್, ನಡುವಿನ ದರ್ಜೆಯ ಪ್ಯಾಡು, ಹೊಸ ಎಂಜಿನ್ ಆಯಿಲ್, ಒಳ್ಳೆಯ ಹೆಲ್ಮೆಟ್. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿದು ನೋಡಿ. ಪಕ್ಕದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಇರಲಿ. ಕಾರು ಜಾರದಂತೆ ತಡೆಯುವ ಇಎಸ್‌ಪಿ ಆಫ್ ಮಾಡಬೇಡಿ. ಕೊನೆಯ ಲ್ಯಾಪ್ ನಿಧಾನಕ್ಕೆ ಓಡಿಸಿ ಬ್ರೇಕ್ ಆರಲು ಬಿಡಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ, ಬಿಸಿ ಪ್ಯಾಡು ಡಿಸ್ಕಿಗೆ ಅಂಟಿ ಕೂರಬಾರದು. ಹೀಗೆ ಕೆಲವು ಸಲ ಹೋಗಿ ಬಂದರೆ ನಿಮಗೆ ಏನು ಕಡಿಮೆ ಬಿದ್ದಿದೆ ಅಂತ ಆ ಕಾರೇ ತೋರಿಸುತ್ತದೆ. ಬ್ರೇಕ್ ಮೊದಲು ಸೋತರೆ ಇನ್ನೂ ಹಗುರ ಕಾರು ನೋಡಿ. ತಿರುವಿನಿಂದ ಹೊರಬರುವಾಗ ಒಳಬದಿಯ ಚಕ್ರ ಸುಮ್ನೆ ತಿರುಗಿದರೆ ಒಳ್ಳೆಯ ಡಿಫರೆನ್ಷಿಯಲ್ ಇರುವ ಕಾರು ನೋಡಿ. ಇದ್ಯಾವುದೂ ಆಗದೆ, ನೇರ ಹಾದಿಯಲ್ಲಿ ಮಾತ್ರ ಬೇರೆಯವರು ದಾಟಿ ಹೋಗುತ್ತಿದ್ದರೆ, ಆಗ ಪವರ್ ಜಾಸ್ತಿ ಇರುವ ಕಾರಿನ ಶೋರೂಮಿಗೆ ಹೋಗಬಹುದು.