ಬೈಯಾಕೂ ಸಲಿಗಿ ಬೇಕ್ರೀ

ನಮ್ಮ ಕಲಬುರಗಿ ಕಡೆ ಮದುವೆಯಲ್ಲಿ ಬೀಗರನ್ನು ಹಾಡಿನಲ್ಲೇ ಬೈತಾರ. ಬೀಗರ ಜಿಪುಣತನ, ಬೀಗಿತ್ತಿ ತಂದ ಸೀರಿ, ಮದಮಗನ ನಡಿಗಿ, ಯಾವುದನ್ನೂ ಬಿಡೂದಿಲ್ಲ. ಬೈಸಿಕೊಂಡವರು ಸಿಟ್ಟಾದರೆ ಇನ್ನೆರಡು ನುಡಿ ಜಾಸ್ತಿ. ಸವಾಲು-ಜವಾಬಿನ ಹಾಡಿನ ಹರದೇಶಿ-ನಾಗೇಶಿ ಮೇಳದವರು ರಾತ್ರಿಯಿಡೀ ಒಬ್ಬರನ್ನೊಬ್ಬರು ಹೀಗೇ ಕೆಣಕುತ್ತಿದ್ದರು. ಇದನ್ನೆಲ್ಲ ಕಂಡ ಊರಿನ ಹುಡುಗರು ಇವತ್ತು ಮೈಕ್ ಹಿಡಿದು ರೀಲ್ಸಿನಲ್ಲಿ ಕಂಡ ಬೈಗುಳ ಮಾತ್ರ ಒದರಿ, ಸಭೆ ತಣ್ಣಗಾದಾಗ ‘ನಮ್ಮ ಜನಕ್ಕ ಕಾಮಿಡಿ ತಿಳಿಯಂಗಿಲ್ಲ’ ಅಂತಾರ. ತಿಳೀತದ. ನೀವು ಮೊದಲಿನ ನಾಲ್ಕು ನಿಮಿಷ ಹಾರಿಸಿರ್ತೀರಿ, ಅಷ್ಟೇ.

ಹೀಗೆ ವೇದಿಕೆ ಮೇಲೆ ನಿಂತು ಬೈದು ನಗಿಸುವ ಕಲೆಯ ದೊಡ್ಡಣ್ಣ ಅಮೆರಿಕದ ಡಾನ್ ರಿಕಲ್ಸ್ (1926–2017). ಮೊದಲು ಎಲ್ಲರಂತೆ ಸಿದ್ಧ ಜೋಕು ಹೇಳುತ್ತಿದ್ದ, ಯಾರೂ ನಗುತ್ತಿರಲಿಲ್ಲ. ಕುಡಿದು ಅಡ್ಡ ಮಾತಾಡಿದವರಿಗೆ ಕೊಟ್ಟ ತಿರುಗೇಟಿಗೇ ಹೆಚ್ಚು ನಗು ಬೀಳೋದು ಕಂಡು ಅದನ್ನೇ ಕಸುಬು ಮಾಡಿಕೊಂಡ. ಮಯಾಮಿ ಬೀಚಿನ ಕ್ಲಬ್ಬಿಗೆ ಹೆಸರಾಂತ ಗಾಯಕ ಫ್ರಾಂಕ್ ಸಿನಾತ್ರಾ ಬಂದಾಗ, ‘ನಿಮ್ಮ ಮನೀನೇ ಅನ್ಕೊಳ್ಳಿ, ಯಾರಿಗಾದ್ರೂ ಒಂದು ಬಾರಸ್ರಿ’ ಎಂಬರ್ಥದ ಮಾತು ಒಗೆದನಂತೆ. ಸಿನಾತ್ರಾನ ಕೋಪ ಎಲ್ಲರಿಗೂ ಗೊತ್ತಿತ್ತು, ಎದುರಿಗೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಮೈಕಿನವನು ಅದನ್ನು ಆಡಿಬಿಟ್ಟ. ಜನ ನಕ್ಕಿದ್ದು ಆ ಬಿಡುಗಡೆಗೆ. ಇನ್ನೊಂದು ಗಮನಿಸ್ರಿ: ಇಡೀ ಸಭೆಯನ್ನು ಒಣಗಿಸಿದ ಮೇಲೆ ರಿಕಲ್ಸ್ ಕೊನೆಗೆ ದನಿ ಇಳಿಸಿ ಎಲ್ಲರಿಗೂ ಕೈಮುಗಿಯುವ ಮಾತಾಡುತ್ತಿದ್ದ. ರೀಲ್ಸಿನಲ್ಲಿ ಆ ಭಾಗ ಬರೂದಿಲ್ಲ.

ಹಾಗಾದರೆ ಆ ನಾಲ್ಕು ನಿಮಿಷದಲ್ಲಿ ಏನು? ಮೊದಲ ಒಂದೂವರೆ ನಿಮಿಷ ನಿಮ್ಮನ್ನೇ ಬೈಕೊಳ್ರಿ. ಹೊಟ್ಟೆ, ಸಾಲ, ಬರದ ಇಂಗ್ಲಿಷು, ಏನಾದರೂ. ಆಮೇಲೆ ಮುಂದಿನ ಎರಡು ಸಾಲು ಕಣ್ಣಾಡಿಸಿ, ಆಗಲೇ ನಗುತ್ತಿರುವ, ಗೆಳೆಯರ ನಡುವೆ ಕೂತ ಒಬ್ಬನನ್ನು ಹಿಡೀರಿ. ಕೈ ಕಟ್ಟಿ ಕೂತವನು ಬೇಡ, ಒಬ್ಬಂಟಿ ಹೆಣ್ಣುಮಗಳಂತೂ ಬೇಡ. ಹೆಸರು, ಊರು, ಕೆಲಸ, ಮೂರೇ ಪ್ರಶ್ನೆ. ಉತ್ತರವನ್ನು ಮೈಕಿನಲ್ಲಿ ನೀವೇ ಮತ್ತೊಮ್ಮೆ ಹೇಳ್ರಿ. ಏಪ್ರಿಲ್ ಬಿಸಿಲಿಗೆ ಹಾಕಿದ ಕೂಲರ್ ಸದ್ದಿನಲ್ಲಿ ಹಿಂದಿನವರಿಗೆ ಅದು ಕೇಳಿರೂದಿಲ್ಲ, ಕೇಳದ ಉತ್ತರದ ಮೇಲೆ ಕಟ್ಟಿದ ಜೋಕು ಸತ್ತಂಗೇ. ಆದರೆ ಮೈಕ್ ಅವನ ಕೈಗೆ ಕೊಡಬ್ಯಾಡ್ರಿ, ವಾಪಸ್ ಬರೂದಿಲ್ಲ.

ಒಬ್ಬನಿಗೆ ಎರಡು ಏಟು, ಹೆಚ್ಚೆಂದರೆ ಮೂರು. ಆಮೇಲೆ ಬಿಟ್ಟುಬಿಡ್ರಿ, ಹತ್ತು ನಿಮಿಷ ಬಿಟ್ಟು ಒಮ್ಮೆ ಅವನ ಹೆಸರು ತಗೊಳ್ರಿ. ಅಷ್ಟರಲ್ಲಿ ಅವನು ಸಭೆಯ ಅಳಿಯ ಆಗಿರ್ತಾನ. ಬೈಯಬೇಕಾದದ್ದು ಅವನು ತಾನೇ ಆರಿಸಿಕೊಂಡದ್ದನ್ನು: ಅಂಗಿ, ಮೀಸಿ, ಬೈಕಿನ ಸೈಲೆನ್ಸರ್. ಹುಟ್ಟಿನಿಂದ ಬಂದದ್ದನ್ನಲ್ಲ. ರಿಕಲ್ಸ್ ಜನಾಂಗದ ಹೆಸರು ಹಿಡಿದೇ ಬೈಯುತ್ತಿದ್ದ, ಅದನ್ನು ಇಲ್ಲಿಗೆ ತಂದರೆ ಜಾತಿ ಆಗ್ತದ. ಅದು ಸಲಿಗಿಯಲ್ಲ, ಹಳೇ ದರ್ಪ. ಪರಿಶಿಷ್ಟರ ದೌರ್ಜನ್ಯ ತಡೆಯುವ 1989ರ ಕಾಯ್ದೆಯೂ ಸಾರ್ವಜನಿಕವಾಗಿ ಮಾಡುವ ಅವಮಾನವನ್ನು ಅಪರಾಧ ಅಂತದ.

ಭಾಷೆಯ ಪೆಟ್ಟು ಬೇರೇನೇ ಅದ. ‘ಕಾಕಾ, ಮೀಸಿ ಫೌಜದಾರಂದು, ದನಿ ಮದಮಗಳದು’ ಅಂದರೆ ಕೊನೆಯ ಪದಕ್ಕೆ ನಗು ಬೀಳ್ತದ. ‘ದನಿ ಮದಮಗಳದು ಇದ್ದಂಗ ಅನಸ್ತದ ನೋಡ್ರಿ’ ಅಂದರೆ ಆ ಬಾಲ ನಗುವಿನ ಮೇಲೆ ಕಾಲಿಡ್ತದ. ‘ರೀ’ ಮಾತ್ರ ಬಿಡಬ್ಯಾಡ್ರಿ. ಮರ್ಯಾದೆ ಕೊಟ್ಟು ಬೈಯುವ ಮಜಾ ‘ಲೇ’ಯಲ್ಲಿ ಇಲ್ಲ. ‘ಮಾಮಾ’ ಅಂದರಂತೂ ಅರ್ಧ ಪರವಾನಗಿ ಸಿಕ್ಕಂಗೆ. ದಖ್ಖನಿ ಉರ್ದುವಿನಲ್ಲಿ ಅತ್ತೆ-ಸೊಸೆ ಜಗಳ ಬರೆದ ನಮ್ಮೂರಿನ ಕವಿ ಸುಲೇಮಾನ್ ಖತೀಬರಿಗೆ ಈ ನೆಂಟಸ್ತಿಕೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಜಾಗದ ಬಗ್ಗೆ ಒಂದೇ ಮಾತು. ಪಂಡಿತ ರಂಗಮಂದಿರದಂಥ ದೊಡ್ಡ ಸಭಾಂಗಣ, ಮುಂದೆ ಅತಿಥಿಗಳ ಸೋಫಾ, ಇದಕ್ಕೆ ಆಗಿಬರೂದಿಲ್ಲ. ಸೋಫಾದವರು ನಗಲೋ ಬೇಡವೋ ಅಂತ ಪಕ್ಕದವರನ್ನು ನೋಡ್ತಾರ, ಹಿಂದಿನವರು ಸೋಫಾದವರನ್ನು ನೋಡ್ತಾರ. ಅರವತ್ತು ಕುರ್ಚಿ, ಒತ್ತಾಗಿ, ಮೊದಲ ಸಾಲು ನಾಲ್ಕೈದು ಅಡಿಯಲ್ಲಿ, ಮುಖ ಕಾಣುವಷ್ಟು ಬೆಳಕು. ಸಾಕು.

ಇನ್ನು ವಿಡಿಯೊ. 2014ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಎಐಬಿ ಅನ್ನೋ ಹಾಸ್ಯ ತಂಡದವರು ರಣವೀರ್ ಸಿಂಗ್, ಅರ್ಜುನ್ ಕಪೂರರನ್ನು ರೋಸ್ಟ್ ಮಾಡಿದರು, ಅಂದರೆ ವೇದಿಕೆ ಮೇಲೆ ಕೂಡಿಸಿ ಬೈದು ನಗಿಸಿದರು. ವೇದಿಕೆಯಲ್ಲಿದ್ದವರು ಒಪ್ಪಿಯೇ ಬಂದಿದ್ದರು, ಟಿಕೆಟ್ ತಗೊಂಡವರೂ ಒಪ್ಪಿದ್ದರು. ಯೂಟ್ಯೂಬಿಗೆ ಹಾಕಿದ ಮೇಲೆ ದೂರು ಬಂತು, ವಿಡಿಯೊ ತೆಗೆದರು, ಆದರೂ ಕೇಸು ಬಿತ್ತು. ಸಭೆ ಕೊಟ್ಟ ಸಲಿಗಿ ಫೋನಿನೊಳಗೆ ಬರೂದಿಲ್ಲ. ಅದಕ್ಕೆ ಬೈಸಿಕೊಂಡವನನ್ನು ಕೇಳದೆ ಏನೂ ಹಾಕಬ್ಯಾಡ್ರಿ. ಒಪ್ಪಿದರೆ ಕ್ಯಾಮರಾ ಅವನ ಕಡೆಗೂ ಒಂದಿರಲಿ. ಕತ್ತರಿಸುವಾಗ ನಿಮ್ಮ ಮಾತಿನ ಎರಡು ಸೆಕೆಂಡು ಹೋದರೂ ಪರವಾಗಿಲ್ಲ, ಮೀಸಿ ಮ್ಯಾಲೆ ಕೈಯಿಟ್ಟು ಕಾಕಾ ನಕ್ಕದ್ದು ಇರಲಿ.